ಕೂಸಿನ ಮುಂದೆ ಕನ್ನಡ ಬೇಡ

ಅವ್ವ ಅಗಲ ತಟ್ಟೆಯಂಥ ಪರಾತ ಹಿಡಿದು ರೊಟ್ಟಿ ಬಡಿಯಲು ಕೂತದ್ದು ಕಂಡರೆ ಅಣ್ಣನ ಮಗಳು ಆಟ ಬಿಟ್ಟು ಬಂದು, ಪರಾತದ ಪಕ್ಕದ ನೆಲಕ್ಕೆ ಎರಡೂ ಅಂಗೈಗಳನ್ನು ಒತ್ತಿಕೊಂಡು ಕೂರುತ್ತಿದ್ದಳು. ಬೆರಳುಗಳನ್ನು ಅಗಲಿಸಿ, ಹೆಬ್ಬೆರಳುಗಳು ಒಂದಕ್ಕೊಂದು ತಾಗುವಂತೆ. ಬಡಿಯುವುದು ನಿಂತ ಕೂಡಲೇ ಕೈ ತೆಗೆಯುತ್ತಿದ್ದಳು. ಮುಂದಿನ ಹಿಟ್ಟಿನ ಉಂಡೆ ಪರಾತಕ್ಕೆ ಬಿದ್ದಾಗ ಮತ್ತೆ ಇಡುತ್ತಿದ್ದಳು. ನಾವೆಲ್ಲ ಅದನ್ನು ಆಟವೆಂದುಕೊಂಡಿದ್ದೆವು. "ಅಜ್ಜಿಗೆ ಮದತ್ ಮಾಡಾಕತ್ತಾಳ ನೋಡ್ರಿ," ಎಂದು ಅಣ್ಣ ಫೋಟೊ ತೆಗೆದು ಊರಿನವರಿಗೆಲ್ಲ ಕಳಿಸಿದ್ದ.

ಆಗ ಅವಳಿಗೆ ಎರಡೂವರೆ ವರ್ಷ. ಪುಣೆಯ ನಿಗಡಿಯ ಫ್ಲ್ಯಾಟಿನಲ್ಲಿ ನಾವು ಅವ್ವ, ಅಣ್ಣ, ಅವನ ಹೆಂಡತಿ ವೈನಿ, ಅವರ ಮಗಳು ಮತ್ತು ನಾನು. ಅಣ್ಣ ಒಂದು ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿದ್ದಾನೆ, ವೈನಿ ಒಂದು ಸಹಕಾರಿ ಬ್ಯಾಂಕಿನಲ್ಲಿ. ಇಬ್ಬರೂ ಹೊರಟ ಮೇಲೆ ಮಗು ದಿನವಿಡೀ ಅವ್ವನ ಜೊತೆ. ಅವ್ವ ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದವಳು. ಅಪ್ಪ ತೀರಿಕೊಂಡ ಮೇಲೂ ಇಲ್ಲಿಯೇ ಉಳಿದಳು. ಆದರೆ ಅವಳ ಮರಾಠಿ ಇವತ್ತಿಗೂ ತರಕಾರಿ ಗಾಡಿಯಿಂದಾಚೆಗೆ ಹೋಗಿಲ್ಲ.

ನಾನು ಮಾನವ ಬೆಳವಣಿಗೆಯ ಶಾಸ್ತ್ರದಲ್ಲಿ ಎಂ.ಎ. ಮಾಡಿ ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತೇನೆ. ಶಿಕ್ಷಕರಾಗಲು ಅರ್ಹತಾ ಪರೀಕ್ಷೆ ಬರೆಯುವವರಿಗೆ ಮಕ್ಕಳ ಬೆಳವಣಿಗೆ ಒಂದು ಕಡ್ಡಾಯ ವಿಷಯ. ಹಲಗೆಯ ಮೇಲೆ ಮನೆಗಳನ್ನು ಹಾಕಿ ಹಂತಗಳನ್ನು ಬರೆಯುತ್ತೇನೆ: ಹುಟ್ಟಿನಿಂದ ಎರಡು ವರ್ಷ, ಎರಡರಿಂದ ಏಳು, ಏಳರಿಂದ ಹನ್ನೊಂದು, ಆಮೇಲೆ ಹದಿಹರೆಯ. ಯಾವ ವಯಸ್ಸಿನಲ್ಲಿ ನಂಬಿಕೆ ಹುಟ್ಟಬೇಕು, ಯಾವಾಗ ನಾಚಿಕೆ, ಯಾವಾಗ 'ನಾನು ಯಾರು' ಎಂಬ ತಳಮಳ. ಪ್ರತಿ ಸಿದ್ಧಾಂತಕ್ಕೂ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ, ಅರ್ಥವಿಲ್ಲದ ಒಂದು ಪದವಿದೆ. ವಿದ್ಯಾರ್ಥಿಗಳು ಅದನ್ನು ಮಂತ್ರದಂತೆ ಬಾಯಿಪಾಠ ಮಾಡುತ್ತಾರೆ. ನಾಲ್ಕು ಉತ್ತರಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕುವುದಷ್ಟೇ ಅವರಿಗೆ ಬೇಕಾದದ್ದು, ಮತ್ತು ನನಗೆ ಸಂಬಳ ಬರುವುದು ಅದಕ್ಕೇ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದಳು, "ಮ್ಯಾಡಮ್, ಒಂದು ಹಂತದಲ್ಲಿ ಆಗಬೇಕಾದದ್ದು ಆಗಲೇ ಇಲ್ಲ ಅಂದರೆ?"

ಪಕ್ಕದಲ್ಲಿದ್ದವನು ಅವಳಿಗೆ ಉತ್ತರ ಕೊಟ್ಟ. "ಮತ್ತೇನು, ಎಟಿಕೆಟಿ." ಫೇಲಾದ ವಿಷಯವನ್ನು ಹೊತ್ತುಕೊಂಡೇ ಮುಂದಿನ ವರ್ಷಕ್ಕೆ ಹೋಗುವುದಕ್ಕೆ ಇಲ್ಲಿನ ಕಾಲೇಜುಗಳಲ್ಲಿ ಹಾಗೆನ್ನುತ್ತಾರೆ. ಕ್ಲಾಸು ನಕ್ಕಿತು. ನಾನೂ ನಕ್ಕು ಪಾಠ ಮುಂದುವರಿಸಿದೆ.

ಅಣ್ಣನ ಮಗಳಿಗೆ ಮಾತು ಬಂದಿರಲಿಲ್ಲ. ಆರೇಳು ತಿಂಗಳಿನಲ್ಲಿ 'ಬಬ', 'ದದ' ಎಂದು ಏನೇನೋ ಅನ್ನುತ್ತಿದ್ದಳು, ಆಮೇಲೆ ಅದೂ ಕಡಿಮೆಯಾಗಿತ್ತು. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು, ಸಿಗದಿದ್ದರೆ ಕಿರುಚುತ್ತಿದ್ದಳು. ನಮ್ಮ ಮನೆತನದಲ್ಲಿ ಎಲ್ಲರಿಗೂ ಮಾತು ತಡ ಎಂದು ಅವ್ವ ಹೇಳುತ್ತಿದ್ದಳು. ಅಣ್ಣನಿಗೆ ಮೂರು ತುಂಬಿದ ಮೇಲೆ ಬಂದದ್ದಂತೆ. "ಬಂದ ಮ್ಯಾಲೆ ಇವತ್ತಿನ ತನಕಾ ನಿಂತಿಲ್ಲ," ಎಂದು ಸೇರಿಸುತ್ತಿದ್ದಳು.

ಬೇಸಿಗೆಯ ಆರಂಭದಲ್ಲಿ ವೈನಿ ಮಗುವನ್ನು ಹತ್ತಿರದ ಒಂದು ಪ್ಲೇಸ್ಕೂಲಿಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋಗಿದ್ದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕಿ ಮಗುವಿನ ಹೆಸರು ಕೇಳಿದರು. ಮಗು ಮೂಲೆಯ ಜಾರುಬಂಡೆಯನ್ನು ನೋಡುತ್ತ ನಿಂತಿತ್ತು. ಮತ್ತೆ ಕೇಳಿದರು. ಅದು ಹೋಗಿ ಜಾರುಬಂಡೆ ಹತ್ತಿತು.

"ಘರಿ ಕೋಣತಿ ಭಾಷಾ?" ಎಂದು ಅವರು ವೈನಿಯನ್ನು ವಿಚಾರಿಸಿದರು. ಮನೆಯಲ್ಲಿ ಯಾವ ಭಾಷೆ.

ಕನ್ನಡ, ಮರಾಠಿ, ಮೊಬೈಲಿನಲ್ಲಿ ಇಂಗ್ಲಿಷ್ ಹಾಡು ಎಂದು ವೈನಿ ಸಂಕೋಚದಿಂದ ಹೇಳಿದರು. ಶಿಕ್ಷಕಿ ತಲೆಯಾಡಿಸಿದರು. ಮಗುವಿಗೆ ಗೊಂದಲವಾಗಿದೆ. ಒಂದೇ ಭಾಷೆ ಇಟ್ಟುಕೊಳ್ಳಿ, ಇಲ್ಲಿ ಬರುವುದಾದರೆ ಮರಾಠಿಯೇ ಒಳ್ಳೆಯದು. ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ಮತ್ತೊಮ್ಮೆ ಕರೆತನ್ನಿ, ಆಗ ನೋಡೋಣ ಎಂದರು.

ಅವತ್ತು ಸಂಜೆಯೇ ಅಣ್ಣ ನಿಯಮ ಮಾಡಿದ: ಇನ್ನು ಮುಂದೆ ಕೂಸಿನ ಮುಂದೆ ಕನ್ನಡ ಬೇಡ. ನಾನು ಹೇಳಿ ನೋಡಿದೆ. ಎರಡು ಮೂರು ಭಾಷೆ ಕೇಳಿ ಬೆಳೆದ ಮಾತ್ರಕ್ಕೆ ಮಗು ಮೂಕವಾಗುವುದಿಲ್ಲ, ಈ ಊರಿನ ಅರ್ಧ ಮಕ್ಕಳು ಹಾಗೆಯೇ ಬೆಳೆದಿವೆ, ನೀನೂ ನಾನೂ ಹಾಗೆಯೇ ಬೆಳೆದವರು ಎಂದೆ.

"ಹಂಗಾದ್ರ ಮಾತ್ಯಾಕ ಬರವಲ್ದು, ಹೇಳು," ಎಂದ ಅಣ್ಣ.



"ನಾ ಏನ ಮಾತಾಡ್ಲಿ ಹಂಗಾದ್ರ?" ಅವ್ವ ಕೇಳಿದಳು.

"ನಿನ್ನ ಮರಾಠಿ ಕೇಳಿದ್ರ ಕಾಯಿಪಲ್ಯಾ ಮಾರಾಂವ ಸೈತ ರೇಟ್ ಏರಸ್ತಾನ. ನೀ ಸುಮ್ನಿದ್ದರ ಸಾಕವ್ವಾ."

ಅವ್ವ ನಕ್ಕಳು. "ಆತಪಾ. ಮೌನವ್ರತ ಹಿಡೀತೀನಿ. ಪುಣ್ಯನಾದ್ರೂ ಬರ್ಲಿ."

ಅವ್ವ ಹಿಡಿದದ್ದನ್ನು ಬಿಡುವವಳಲ್ಲ. ಅದಕ್ಕೂ ಮುಂಚೆ ಮಗುವಿಗೆ ಎರೆಯುವಾಗ ಅವಳ ಬಾಯಿ ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ಕಣ್ಣ ಮುಚ್ಚು, ಬಂತು ನೋಡು ನೀರು, ಎಲ್ಲಿ ಕೈ, ಇಲ್ಲಿ ಐತಿ ಕೈ. ಈಗ ಅಂಗೈಯಿಂದ ಮಗುವಿನ ಕಣ್ಣು ಮುಚ್ಚಿ ಸದ್ದಿಲ್ಲದೆ ನೀರು ಹೊಯ್ಯುತ್ತಿದ್ದಳು. ಉಣಿಸುವಾಗ ತುತ್ತು ತೋರಿಸಿ ತಾನೇ ಬಾಯಿ ತೆರೆಯುತ್ತಿದ್ದಳು. ಊರಿನಿಂದ ಚಿಕ್ಕವ್ವನ ಫೋನು ಬಂದರೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಮಾತಾಡುತ್ತಿದ್ದಳು, ಕನ್ನಡ ಒಂದು ಚಟವೆಂಬಂತೆ. ನಾನು ಕ್ಲಾಸಿನಿಂದ ಬೇಗ ಬಂದ ದಿನ ಬಾಗಿಲು ತೆರೆದರೆ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇರುತ್ತಿತ್ತು. ಒಳಗೆ ಅಜ್ಜಿ ಮೊಮ್ಮಗಳು ಎದುರುಬದುರು ಕೂತಿರುತ್ತಿದ್ದರು. ವೈನಿ ಬ್ಯಾಂಕಿನಿಂದ ಬಂದು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮರಾಠಿ ಚಿತ್ರಗಳ ಪುಸ್ತಕ ತೆರೆಯುತ್ತಿದ್ದರು. ಮಗು ಅವರ ಬೆರಳನ್ನು ನೋಡುತ್ತಿತ್ತು. ಅವರ ಬಾಯಿ ಅದರ ತಲೆಯ ಹಿಂದೆ ಇರುತ್ತಿತ್ತು.

ಒಂದು ದಿನ ನಮ್ಮ ಕ್ಲಾಸಿನ ಹಾಲಿನಲ್ಲಿ ಬೇರೆ ಯಾವುದೋ ಪರೀಕ್ಷೆಯಿತ್ತು, ನಾನು ಮನೆಯಲ್ಲಿದ್ದೆ. ಮಗು ಕಿಟಕಿಯ ಕಡೆ ಮುಖ ಮಾಡಿ ಸ್ಟೀಲ್ ಬಟ್ಟಲುಗಳನ್ನು ಒಂದರ ಮೇಲೊಂದು ಪೇರಿಸುತ್ತಿತ್ತು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ಮೈಮರೆತು ಕೂಗಿದಳು, "ಬಾ ನನ್ನ ಬಂಗಾರ, ಹಾಲ ಆರತದ."

ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಕಡೆ ನೋಡಿದಳು. ಮಗು ತಿರುಗಲಿಲ್ಲ. ಅವ್ವ ಸ್ವಲ್ಪ ಕಾದಳು. ಮತ್ತೆ, ಈ ಸಲ ಬೇಕೆಂದೇ, ಮೆಲ್ಲಗೆ ಕರೆದಳು. ಮಗು ಇನ್ನೊಂದು ಬಟ್ಟಲು ಇಟ್ಟಿತು.

"ನೋಡವಾ," ಎಂದಳು ಅವ್ವ. "ಇಷ್ಟರಾಗ ಕನ್ನಡ ಮರತ ಬಿಡ್ತು. ನನ್ನ ದನಿ ಸೈತ ಮರತ ಬಿಡ್ತು." ಕಣ್ಣೊರೆಸಿಕೊಂಡು, "ಇರ್ಲಿ ಬಿಡು. ಇನ್ನ ಮರಾಠಿನಾದ್ರೂ ಲಗೂ ಬರ್ತದ," ಎಂದು ಒಳಗೆ ಹೋದಳು.

ನಾನು ಕೂತಲ್ಲಿಯೇ ಇದ್ದೆ. ಹುಟ್ಟಿದಾಗಿನಿಂದ ಕೇಳಿದ ದನಿಯನ್ನು ಯಾವ ಮಗುವೂ ಇಷ್ಟು ಬೇಗ ಮರೆಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಆಗ ಹೊಳೆಯಿತು. ಮನೆ ಮೌನವಾಗಿ ಇಷ್ಟು ದಿನವಾದರೂ ಈ ಮಗು ಯಾವುದನ್ನೂ ಕಳೆದುಕೊಂಡಂತೆ ಇರಲಿಲ್ಲ. ಅಜ್ಜಿಯ ಮಾತು ನಿಂತಾಗ ಅದು ಹಟ ಮಾಡಲಿಲ್ಲ, ಅವಳ ಬಾಯಿಯನ್ನು ಮುಟ್ಟಿ ನೋಡಲಿಲ್ಲ.

ಅವಳ ಬೆನ್ನ ಹಿಂದೆ ಹೋಗಿ ನಿಂತು ಹೆಸರು ಹಿಡಿದು ಕರೆದೆ. ಮರಾಠಿಯಲ್ಲಿ ಬಾ ಎಂದೆ. ಕೀಲಿಗೊಂಚಲು ಅಲ್ಲಾಡಿಸಿದೆ. ಚಮಚದಿಂದ ಲೋಟಕ್ಕೆ ಬಡಿದೆ. ಅವಳ ಭುಜ ಕೂಡ ಅಲುಗಲಿಲ್ಲ. ಕೊನೆಗೆ ಹಿಮ್ಮಡಿಯನ್ನು ನೆಲಕ್ಕೆ ಜೋರಾಗಿ ಕುಕ್ಕಿದೆ. ತಟ್ಟನೆ ತಿರುಗಿದಳು, ನನ್ನನ್ನು ಕಂಡು ನಕ್ಕಳು, ಎರಡೂ ಅಂಗೈಗಳನ್ನು ಅಗಲಿಸಿ ನೆಲದ ಮೇಲಿಟ್ಟು ಇನ್ನೊಮ್ಮೆ ಕುಕ್ಕಲಿ ಎಂದು ಕಾದಳು. ರೊಟ್ಟಿ ಬಡಿಯುವಾಗ ಅವಳು ಇಷ್ಟು ದಿನ ಮಾಡುತ್ತಿದ್ದದ್ದು ಏನೆಂದು ಆಗ ತಿಳಿಯಿತು.

ಎದುರಿಲ್ಲದ ವಸ್ತು ಕೂಡ ಎಲ್ಲೋ ಇದೆ ಎಂಬ ತಿಳಿವು ಮಗುವಿಗೆ ಮೊದಲೆರಡು ವರ್ಷಗಳಲ್ಲಿ ಬರುತ್ತದೆ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಅಡುಗೆಮನೆಯ ಪಾತ್ರೆಯ ಸದ್ದಿನಿಂದ ಅಜ್ಜಿ ಅಲ್ಲಿದ್ದಾಳೆ ಎಂದು ಬೇರೆ ಮಕ್ಕಳಿಗೆ ಗೊತ್ತಾಗುತ್ತದೆ. ಇವಳಿಗೆ ಎದುರಿಗಿದ್ದವರು ಮಾತ್ರ ಇದ್ದರು. ಉಳಿದವರೆಲ್ಲ ಬಾಗಿಲು ದಾಟಿದ ಕೂಡಲೇ ಇಲ್ಲವಾಗುತ್ತಿದ್ದರು. ಅವ್ವ ಸ್ನಾನಕ್ಕೆ ಹೋದರೆ ಮಗು ಅಷ್ಟೊಂದು ಅಳುತ್ತಿದ್ದದ್ದು ಅದಕ್ಕೇ ಇರಬೇಕು. ನಾವು ಅದಕ್ಕೆ ಹಟಮಾರಿ ಎಂದು ಹೆಸರಿಟ್ಟಿದ್ದೆವು.

ಅವ್ವನಿಗೆ ಏನೂ ಹೇಳಲಿಲ್ಲ. ಸಂಜೆ ವೈನಿ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಹೇಳಿದೆ.

ಅವರು ಮಡಚುತ್ತಿದ್ದ ಚಾದರವನ್ನು ಮಡಚಿ ಮುಗಿಸಿದರು. "ನಿಮ್ಮ ಪುಸ್ತಕದಾಗ ಇದ್ದದ್ದೆಲ್ಲಾ ನಮ್ಮ ಮನ್ಯಾಗ ಹುಡುಕಬ್ಯಾಡ್ರಿ," ಎಂದರು. ಸಿಟ್ಟಿನಿಂದಲ್ಲ. "ಹುಟ್ಟಿದಾಗ ದವಾಖಾನಿಯೊಳಗ ಕಿವಿ ನೋಡ್ಯಾರ. ಸರಿ ಅದಾವ ಅಂದಾರ."

"ಆಮ್ಯಾಲೆ ಆಕಿಗೆ ಭಾಳ ಜ್ವರ ಬಂದಿತ್ತಲ್ಲರಿ ವೈನಿ, ವರ್ಷದ ಕೂಸಿದ್ದಾಗ. ಹುಟ್ಟಿದಾಗ ಸರಿ ಇದ್ದು ಆಮ್ಯಾಲೆ ಕಡಿಮಿ ಆಗಬಹುದು."

ಊಟಕ್ಕೆ ಕೂತಾಗ ಮಾತು ಅಣ್ಣನ ತನಕ ಹೋಯಿತು. ಅವನು ತುತ್ತು ಕೆಳಗಿಟ್ಟ. "ಗಣಪತಿಯೊಳಗ ಢೋಲ್ ಬಂದಾಗ ನನ್ನ ಹೆಗಲ ಮ್ಯಾಲೆ ಹೆಂಗ ಕುಣದಳು, ನೀನ ನೋಡೀಯಲ್ಲ. ಕೇಳಸಲಾರದ ಕುಣೀತಾರೇನು?"

"ಢೋಲ್ ಎದಿಗೂ ಬಡೀತದ ಅಣ್ಣಾ."

"ನಿನಗ ಎಲ್ಲಾದಕ್ಕೂ ಉತ್ತರ ಅದ. ದಿನಾ ನಾಲ್ಕು ಉತ್ತರ ಹೇಳಿಕೊಡಾಕಿ ಅಲಾ. ನಮ್ಮ ಕೂಸು ನಿನ್ನ ಕ್ಲಾಸಿನ ಪ್ರಶ್ನಿ ಅಲ್ಲ."

ಜಗಳವಾಡಿ ನನಗೆ ಅಭ್ಯಾಸವಿಲ್ಲ. ಮನೆಯಲ್ಲಿ ನನ್ನ ಅಭಿಪ್ರಾಯ ಕೇಳಿದರೆ ಹೇಳುತ್ತೇನೆ, ಎರಡನೆಯ ಸಲ ಹೇಳುವುದಿಲ್ಲ. ತಟ್ಟೆ ಎತ್ತಿಕೊಂಡು ಎದ್ದೆ. ಮಾತು ಕಲಿಯಲು ಮಿದುಳು ತೆರೆದಿರುವ ಕಾಲವೊಂದಿದೆ, ಅದು ಯಾರಿಗಾಗಿಯೂ ಕಾಯುವುದಿಲ್ಲ. ಇದನ್ನು ನಾನು ಎಷ್ಟೋ ಬ್ಯಾಚುಗಳಿಗೆ ಹೇಳಿದ್ದೆ. ಪರೀಕ್ಷೆಗೆ ಬರುವ ಪ್ರಶ್ನೆ, ಗುರುತು ಹಾಕಿಕೊಳ್ಳಿ ಎಂದಿದ್ದೆ. ಆ ಕಾಲ ಈಗ ನಮ್ಮ ಮನೆಯ ಹಾಲಿನಲ್ಲಿ ಬಟ್ಟಲು ಪೇರಿಸುತ್ತ ಕಳೆದುಹೋಗುತ್ತಿತ್ತು.

ನಾನು ತಟ್ಟೆ ತೊಳೆದು ಬರುವಷ್ಟರಲ್ಲಿ ವೈನಿ ಹಾಲಿನಲ್ಲಿ ಮಗುವಿನ ಬೆನ್ನ ಹಿಂದೆ ಮಂಡಿಯೂರಿ ಕೂತಿದ್ದರು. ಹೆಸರು ಕರೆದರು. ಕನ್ನಡದಲ್ಲಿ ಬಾ ಎಂದರು, ಮರಾಠಿಯಲ್ಲಿ ಎಂದರು, ಹಿಂದಿಯಲ್ಲಿ ಕೂಡ ಎಂದರು. ಬರಬರುತ್ತ ದನಿ ಏರಿಸಿದರು. ಮಗು ತನ್ನ ಬೊಂಬೆಯ ಕೂದಲು ಬಾಚುತ್ತಿತ್ತು. ಅಣ್ಣ ಕೈ ಒರೆಸಿಕೊಳ್ಳುತ್ತ ನಿಂತು ನೋಡಿದ. ವೈನಿ ಅವನ ಕಡೆ ತಿರುಗಲೇ ಇಲ್ಲ. ನನಗೆ ಹೇಳಿದರು, "ನಾಳಿಗೆ ರಜಾ ಹಾಕ್ತೀನಿ. ಎಲ್ಲಿಗೆ ಹೋಗಬೇಕು ಹೇಳ್ರಿ."

ಶಿವಾಜಿನಗರದ ಒಂದು ಶ್ರವಣ ಪರೀಕ್ಷಾ ಕೇಂದ್ರದಲ್ಲಿ ಮಗುವಿಗೆ ನಿದ್ದೆಯ ಸಿರಪ್ ಕುಡಿಸಿ, ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿದರು. ಅವಳು ವೈನಿಯ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಶ್ರವಣತಜ್ಞೆ ನನ್ನ ವಯಸ್ಸಿನವರೇ. ಪರದೆಯ ಮೇಲಿನ ಗೆರೆಗಳನ್ನು ನೋಡಿ ಮುಗಿಸಿ, ಕುರ್ಚಿ ಎಳೆದುಕೊಂಡು ನಮ್ಮೆದುರು ಕೂತರು. ಎರಡೂ ಕಿವಿಯಲ್ಲಿ ಶ್ರವಣ ಬಹಳ ಕಡಿಮೆಯಾಗಿದೆ. ದೊಡ್ಡ ಸದ್ದು ಸ್ವಲ್ಪ ತಲುಪುತ್ತದೆ, ಮಾತು ತಲುಪುವುದಿಲ್ಲ. ಜ್ವರದಿಂದಲೋ ಬೇರೆ ಕಾರಣದಿಂದಲೋ ಈಗ ಹೇಳಲಾಗದು. ಶ್ರವಣಯಂತ್ರ ತಡಮಾಡದೆ ಹಾಕಬೇಕು. ಅದಕ್ಕೆ ಕಿವಿಯ ಅಚ್ಚು ತೆಗೆಯಬೇಕು. ನಿದ್ದೆಯ ಔಷಧ ಇಳಿಯಲಿ, ನಾಳೆ ಬೆಳಿಗ್ಗೆ ಬನ್ನಿ. ಯಂತ್ರ ಹಾಕಿದ ದಿನದಿಂದ ಅವಳ ಜೊತೆ ಎಡೆಬಿಡದೆ ಮಾತಾಡಬೇಕು.

ಆಮೇಲೆ ವೈನಿಯನ್ನು ಕೇಳಿದರು, ಅವಳ ಜೊತೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವರು ಯಾರು?

"ಆಜಿ," ಎಂದರು ವೈನಿ. ಅಜ್ಜಿ. ಮತ್ತೆ ತಾವೇ ತಿದ್ದಿದರು, "ಆತಾ ಕೋಣಿಚ ನಾಹಿ." ಈಗ ಯಾರೂ ಇಲ್ಲ.

ಕಾರಣ ಕೇಳಿದ ಮೇಲೆ ಆ ತಜ್ಞೆ ನಮ್ಮನ್ನು ಬೈಯಲಿಲ್ಲ. ಯಾರ ಬಾಯಲ್ಲಿ ಯಾವ ಮಾತು ಸಲೀಸಾಗಿ ಬರುತ್ತದೋ ಅದನ್ನೇ ಆಡಲಿ ಎಂದಷ್ಟೇ ಹೇಳಿದರು. ರಿಕ್ಷಾದಲ್ಲಿ ವೈನಿ ಮಗುವಿನ ಕಿವಿಯನ್ನು ಬೆರಳಿನಿಂದ ಸವರುತ್ತಲೇ ಇದ್ದರು. ನೋಡಲು ಚೆಂದದ, ಪುಟ್ಟ ಕಿವಿಗಳು.

ಮನೆಗೆ ಬಂದು ಅವ್ವನಿಗೆ ಹೇಳಿದೆವು. ಇನ್ನು ನೀನು ಎಷ್ಟು ಬೇಕಾದರೂ ಮಾತಾಡಬಹುದು, ಕನ್ನಡದಲ್ಲಿಯೇ ಮಾತಾಡಬೇಕು ಎಂದೆ. ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಅವ್ವ ಬಹಳ ಹೊತ್ತು ಮಗುವನ್ನು ನೋಡಿದಳು.

"ಕೇಳಸೂದಿಲ್ಲಂದ ಮ್ಯಾಲೆ ಏನ ಮಾತಾಡ್ಲಿ? ಎರಡ ವರ್ಷ ಮಾತಾಡಿದ್ನಲ್ಲಾ, ಅದನ್ನೆಲ್ಲಾ ಯಾರ ಜೋಡಿ ಮಾತಾಡಿದೆ?"

"ಪೂರಾ ಕೇಳಸೂದಿಲ್ಲಂತಲ್ಲವ್ವಾ. ಮಶೀನ್ ಹಾಕಿದ್ರ ಕೇಳಸ್ತದ."

"ಹಾಕಿದಾಗ ನೋಡೂಣು," ಎಂದು ಎದ್ದು ಹೋದಳು. ಆ ಸಂಜೆ ಮಗುವಿಗೆ ಉಣಿಸುವಾಗಲೂ ಅವಳು ಬಾಯಿ ಬಿಡಲಿಲ್ಲ. ಅದು ಈಗ ಅಣ್ಣನ ನಿಯಮವಾಗಿರಲಿಲ್ಲ.

ಅಣ್ಣ ಬಂದು ಬಾಗಿಲ ಬಳಿ ಬೂಟು ಬಿಚ್ಚುತ್ತ ಕೂತಾಗ ವೈನಿ ಎಲ್ಲ ಹೇಳಿದರು. ಅವನು ಒಂದು ಕಾಲುಚೀಲ ಕೈಯಲ್ಲಿ ಹಿಡಿದು ಹಾಗೇ ಕೂತ. ಒಂದೇ ಒಂದು ಸಲ, ಮೆಲ್ಲಗೆ, ಮಗಳ ಹೆಸರು ಕರೆದ. ಅವಳು ಅವನಿಗೆ ಬೆನ್ನು ಹಾಕಿ ಆಡುತ್ತಿದ್ದಳು. ಅಣ್ಣ ಮುಖ ತೊಳೆಯಲು ಹೋಗಿ ಬಹಳ ತಡವಾಗಿ ಹೊರಗೆ ಬಂದ.

ಬಂದವನು ಲೆಕ್ಕ ಒಪ್ಪಿಸುವವನಂತೆ ಮಾತಾಡಿದ. "ಮಶೀನ್ ಹಾಕೂಣು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಈಗ ಬ್ಯಾಡ. ಮಶೀನ್ ಹಾಕ್ಕೊಂಡು ಹೋದ್ರ ಆ ಸಾಲ್ಯಾಗ ತಗೋತಾರೇನು? ಬ್ಯಾರೆ ಸಾಲಿಗೆ ಹೋಗ್ರಿ ಅಂತಾರ. ಮೊದಲ ಅಡ್ಮಿಶನ್ ಆಗ್ಲಿ. ದಿವಾಳಿ ಆದ ಮ್ಯಾಲೆ ಹಾಕಸೂಣು."

"ನಾಳೆ ಮುಂಜಾನೆ ಅಚ್ಚಿಗೆ ಕರದಾರ," ಎಂದರು ವೈನಿ.

"ಫೋನ್ ಮಾಡಿ ಮುಂದಕ್ಕ ಹಾಕು. ನಿನಗೂ ನಾಳೆ ರಜಾ ಸಿಗೂದಿಲ್ಲ."

ವೈನಿಗೆ ಶಾಲೆಯ ಭಯವೂ ಇತ್ತು, ನನಗೆ ಕಾಣುತ್ತಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಎರಡನೆಯ ಸಲ ಹೇಳಿದೆ.

"ದಿವಾಳಿಗೆ ಆಕಿಗೆ ಮೂರು ತುಂಬಿರತಾವ ಅಣ್ಣಾ. ಸಾಲಿ ಮುಂದಿನ ವರ್ಷ ಸಿಗಬಹುದು. ಈ ಆರು ತಿಂಗಳು ಆಕಿಗೆ ಮತ್ತ ಸಿಗೂದಿಲ್ಲ."

"ಇದೂ ಪುಸ್ತಕದಾಗಿಂದು?"

"ಹೌದು," ಎಂದೆ. "ಪುಸ್ತಕದಾಗಿಂದು. ಖರೇನೂ ಹೌದು."

ಅವನು ಟಿ.ವಿ. ಹಚ್ಚಿದ. ಮಗು ಓಡಿಬಂದು ಅವನ ತೊಡೆ ಏರಿತು. ಅವನು ಅದರ ತಲೆಗೆ ಗದ್ದ ಊರಿ, ದನಿ ಕಡಿಮೆ ಮಾಡಿ, ಪರದೆಯನ್ನು ನೋಡುತ್ತ ಕೂತ. ಅವನು ನೋಡುತ್ತಿದ್ದದ್ದು ಜಾಹೀರಾತುಗಳನ್ನು.

ಮರುದಿನ ಬೆಳಿಗ್ಗೆ ನಾನು ಕ್ಲಾಸಿನ ಮಾಲೀಕರಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಕಾರಣ ಕೇಳಿದರು. ಮನೆಯ ಕೆಲಸ ಎಂದೆ. ವೈನಿ ಬ್ಯಾಂಕಿಗೆ ಹೊರಡುವ ಮುಂಚೆ ಮಗುವಿನ ನೀರಿನ ಬಾಟಲಿಯನ್ನೂ ನಿನ್ನೆಯ ಕಾಗದಗಳನ್ನೂ ನನ್ನ ಚೀಲಕ್ಕೆ ಹಾಕಿ ಜಿಪ್ ಎಳೆದರು. ಅವ್ವ ಮಗುವಿನ ಕೂದಲನ್ನು ಕಿವಿಗೆ ಬೀಳದಂತೆ ಮೇಲೆತ್ತಿ ಕಟ್ಟಿದಳು, ಈಗಲೂ ಮಾತಿಲ್ಲದೆ. ಅಣ್ಣ ಸ್ನಾನ ಮುಗಿಸಿ ಬಂದಾಗ ನಾನು ಚಪ್ಪಲಿ ಮೆಟ್ಟಿದ್ದೆ.

"ಅಣ್ಣಾ, ಆಕಿನ್ನ ಕರಕೊಂಡು ಹೊಂಟೀನಿ."

"ಕ್ಲಾಸಿಗೆ ಹೋಗೂದಿಲ್ಲೇನು?"

"ಇಲ್ಲ."

ಅವನು ನಿಂತ. ಆಮೇಲೆ ತನ್ನ ಕರವಸ್ತ್ರ ಹುಡುಕತೊಡಗಿದ.

ಹತ್ತಿರದ ಆಕುರ್ಡಿ ನಿಲ್ದಾಣದಿಂದ ಲೋಕಲ್ ರೈಲು ಹಿಡಿದು ಶಿವಾಜಿನಗರದಲ್ಲಿ ಇಳಿದೆವು. ಅಚ್ಚು ತೆಗೆಯುವ ಕೋಣೆ ಚಿಕ್ಕದು, ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಶ್ರವಣತಜ್ಞೆ ಮಗುವಿನ ಬಲಗಿವಿಯೊಳಗೆ ದಾರ ಕಟ್ಟಿದ ಹತ್ತಿಯ ತುಣುಕನ್ನು ಇಟ್ಟು, ಗುಲಾಬಿ ಬಣ್ಣದ ತಣ್ಣನೆಯ ಕಣಕವನ್ನು ತುಂಬಿದರು. ಅದು ಗಟ್ಟಿಯಾಗುವ ತನಕ ತಲೆ ಅಲ್ಲಾಡಬಾರದು. ಮಗು ಕೈಕಾಲು ಬಡಿಯುತ್ತ ಅಳತೊಡಗಿತು. ನಾನು ಅದರ ತಲೆಯನ್ನು ನನ್ನ ಎದೆಗೆ ಒತ್ತಿ ಹಿಡಿದು, ಎಡಗಿವಿಯ ಹತ್ತಿರ ಬಾಯಿಟ್ಟು, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡುತ್ತ ಹೋದೆ.